ಬಿರುದುಗಳ ಹಿಂದೆ ನಿಂತವರು

ಮೈಸೂರಿನ ಹೆಬ್ಬಾಳದಲ್ಲಿ ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿಗೆ ರಿಂಗ್ ರಸ್ತೆಯ ಬದಿಯಲ್ಲಿ ನಿಂತರೆ ಓದಲು ಬೇಕಾದಷ್ಟು ಸಿಗುತ್ತದೆ. ಕಂಬದಿಂದ ಕಂಬಕ್ಕೆ ಕಟ್ಟಿದ ಫ್ಲೆಕ್ಸ್‌ಗಳಲ್ಲಿ ಬಡವರ ಬಂಧುಗಳು, ಸಮಾಜರತ್ನರು, ಯುವಕರ ಕಣ್ಮಣಿಗಳು ಸಾಲಾಗಿ ಕೈಮುಗಿದು ನಿಂತಿರುತ್ತಾರೆ. ನಾವೂ ಅದನ್ನು ನೋಡಿ ಎಷ್ಟೋ ಸಲ ನಕ್ಕಿದ್ದೇವೆ. ಆದರೆ ಕೆಲವು ತಿಂಗಳ ಹಿಂದೆ ನಮ್ಮ ಕೈಯಿಂದಲೇ ನಡೆದ ಒಂದು ತಪ್ಪು ಆ ನಗುವನ್ನು ನಿಲ್ಲಿಸಿತು.

ಬಡಾವಣೆಯವರು ಸೇರಿ ಒಂದು ಸನ್ಮಾನ ಸಮಾರಂಭ ಇಟ್ಟುಕೊಂಡಿದ್ದರು. ಆಹ್ವಾನ ಪತ್ರಿಕೆಯ ಕರಡನ್ನು ತಿದ್ದುವ ಕೆಲಸ ನಮ್ಮ ಪಾಲಿಗೆ ಬಂತು. ಅಧ್ಯಕ್ಷರ ಹೆಸರಿನ ಹಿಂದೆ ‘ಅಲ್‌ಹಾಜ್’ ಬಿಟ್ಟುಹೋಗಿತ್ತು, ಸೇರಿಸಿದೆವು. ಉದ್ಘಾಟಕರ ಡಾಕ್ಟರೇಟ್ ಗೌರವ ಡಾಕ್ಟರೇಟೋ ಓದಿ ಪಡೆದದ್ದೋ ಎಂದು ಫೋನು ಮಾಡಿ ವಿಚಾರಿಸಿದೆವು. ದಾನಿಯೊಬ್ಬರ ತಂದೆಯ ಹೆಸರಿನ ಮುಂದೆ ‘ಮರ್ಹೂಮ್’ ಎಂದು ಬರೆಯಲು ಮರೆಯಲಿಲ್ಲ. ಕಾರ್ಡು ಅಚ್ಚಾಗಿ ಬಂದ ಮೇಲೆ ಹಿರಿಯರೊಬ್ಬರು ಕನ್ನಡಕ ಏರಿಸಿ ಕೊನೆಯ ಸಾಲನ್ನು ತೋರಿಸಿದರು. ಸನ್ಮಾನ ನಡೆಯಬೇಕಿದ್ದದ್ದು ನಮ್ಮ ಬೀದಿ ಗುಡಿಸುವ ಮೂವರು ಪೌರಕಾರ್ಮಿಕರಿಗೆ. ಇಡೀ ಕಾರ್ಡಿನಲ್ಲಿ ‘ಶ್ರೀ’, ‘ಶ್ರೀಮತಿ’ ಇಲ್ಲದ ಹೆಸರುಗಳು ಮೂರೇ ಮೂರು. ಅವು ಅವರವೇ. ಅದೂ ಪೂರ್ಣ ಹೆಸರಲ್ಲ, ಬೀದಿಯಲ್ಲಿ ನಾವು ಕೂಗುವ ಅರ್ಧ ಹೆಸರು.

ಯಾರೂ ಬೇಕೆಂದು ಮಾಡಿದ್ದಲ್ಲ. ಅದೇ ನಮ್ಮನ್ನು ಹೆಚ್ಚು ಕಾಡಿದ್ದು. ಬಿರುದು ಎಂದರೆ ಏನು? ಅದನ್ನು ಯಾರು, ಯಾರಿಗೆ, ಯಾತಕ್ಕಾಗಿ ಕೊಡುತ್ತಾರೆ? ಒಬ್ಬರ ಹೆಸರು ಉದ್ದವಾದಾಗಲೆಲ್ಲ ಇನ್ನೊಬ್ಬರ ಹೆಸರು ಗಿಡ್ಡವಾಗಲೇಬೇಕೇ?

ಬಿರುದುಗಳ ವಿಷಯದಲ್ಲಿ ಮಲಯದ ಸುಲ್ತಾನರನ್ನು ಮೀರಿಸಿದವರು ಕಡಿಮೆ. ಇಂದಿನ ಮಲೇಷ್ಯಾದ ಅರಸನ ಪೂರ್ಣ ಸಂಬೋಧನೆಯನ್ನು ಕನ್ನಡಿಗನೊಬ್ಬ ಕಿವಿಗೊಟ್ಟು ಕೇಳಿದರೆ ಅರ್ಧಕ್ಕರ್ಧ ಗುರುತು ಹಿಡಿಯಬಲ್ಲ. ‘ದುಲಿ’ ಎಂದರೆ ನಮ್ಮ ಧೂಳಿ. ‘ಸೆರಿ ಪಾದುಕ’ ಎಂದರೆ ಶ್ರೀಪಾದುಕೆ. ‘ಮಹಾ’ ಹಾಗೆಯೇ ಇದೆ. ‘ಬಗಿಂದ’ ಎಂಬುದರೊಳಗೆ ಭಾಗ್ಯ ಅಡಗಿದೆ. ರಾಣಿ ‘ಪೆರ್ಮೈಸುರಿ’, ಅಂದರೆ ಪರಮೇಶ್ವರಿ. ಹಳೆಯ ಮಲಾಕಾದ ಪ್ರಧಾನಿ ‘ಬೆಂದಹಾರ’, ಭಂಡಾರದಿಂದ ಬಂದ ಮಾತು. ನೌಕಾಪಡೆಯ ದಳಪತಿ ‘ಲಕ್ಸಮಾನ’. ರಾಮಾಯಣದ ತಮ್ಮನೇ ಅಲ್ಲಿ ಹಡಗು ಹತ್ತಿದ್ದಾನೆ. ಅರಸನಿಗೆ ಎರಡು ಬಗೆಯುವುದು ‘ದೆರ್ಹಾಕ’, ನಮ್ಮ ದ್ರೋಹ. ಸುಮಾರು 1400ರಲ್ಲಿ ಮಲಾಕಾವನ್ನು ಕಟ್ಟಿದವನ ಹೆಸರೇ ಪರಮೇಶ್ವರ. ಮುಂದೆ ಆ ಮನೆತನ ಇಸ್ಲಾಮನ್ನು ಸ್ವೀಕರಿಸಿ ಸುಲ್ತಾನ್, ಷಾ ಎಂಬ ಅರಬಿ, ಪಾರಸಿ ಬಿರುದುಗಳನ್ನು ಧರಿಸಿತು. ಹಳೆಯದನ್ನು ಅವರು ಕಿತ್ತೆಸೆಯಲಿಲ್ಲ, ಹೊಸದನ್ನು ಅದರ ಮೇಲೆ ಹೊದ್ದುಕೊಂಡರು.

ಇದು ಅಲ್ಲಿಯ ವಿಚಿತ್ರ ಎಂದುಕೊಳ್ಳುವ ಮೊದಲು ನಮ್ಮ ಶಾಸನಗಳನ್ನು ನೋಡಬೇಕು. ವಿಜಯನಗರದ ಮೊದಲ ಅರಸರು ‘ಹಿಂದೂರಾಯ ಸುರತ್ರಾಣ’ ಎಂದು ಕರೆಸಿಕೊಂಡರು. ಸುರತ್ರಾಣ ಎಂದರೆ ದೇವತೆಗಳನ್ನು ಕಾಯುವವನು ಎಂದು ಪಂಡಿತರು ಅರ್ಥ ಹೇಳಬಹುದು. ಆದರೆ ಅದು ಸುಲ್ತಾನ್ ಎಂಬ ಶಬ್ದದ ಸಂಸ್ಕೃತ ವೇಷ. ಅತ್ತ ಮಲಯದ ಸುಲ್ತಾನ ಶ್ರೀಪಾದುಕೆಯಾದರೆ, ಇತ್ತ ತುಂಗಭದ್ರೆಯ ದಂಡೆಯ ರಾಯ ಸುಲ್ತಾನನಾದ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಷಾನನ್ನು (1580–1627) ಜನ ಜಗದ್ಗುರು ಎಂದರು. ಗೋವೆಯನ್ನು 1510ರಲ್ಲಿ ಅದೇ ಆದಿಲ್‌ಷಾಹಿಗಳಿಂದ ಕಿತ್ತುಕೊಂಡ ಪೋರ್ಚುಗೀಸ್ ದಳಪತಿ ಅಲ್ಬುಕರ್ಕನೇ ಮರುವರ್ಷ, 1511ರಲ್ಲಿ, ಮಲಾಕಾವನ್ನೂ ನುಂಗಿದ. ಎರಡು ತೀರಗಳು ಒಂದೇ ಸಮುದ್ರದ ಲಾಭವನ್ನೂ ನಷ್ಟವನ್ನೂ ಹಂಚಿಕೊಂಡವು. ಹಾಗಿರುವಾಗ ಬಿರುದುಗಳಿಗೆ ಶುದ್ಧ ಜಾತಿ ಹುಡುಕುವುದು ವ್ಯರ್ಥ ಶ್ರಮ.

ಈ ಎಲ್ಲ ಬಿರುದುಗಳಲ್ಲಿ ನಮಗೆ ಮುಖ್ಯವೆನಿಸಿದ್ದು ಒಂದು: ‘ಯಾಂಗ್ ದಿ-ಪೆರ್ತುಆನ್’. ‘ತುಆನ್’ ಎಂದರೆ ಒಡೆಯ. ಇಡೀ ಮಾತಿನ ಅರ್ಥ ‘ಒಡೆಯ’ ಎಂದಲ್ಲ, ‘ಒಡೆಯನನ್ನಾಗಿ ಮಾಡಲ್ಪಟ್ಟವನು’ ಎಂದು. ಈ ಕರ್ಮಣಿ ಪ್ರಯೋಗದೊಳಗೆ ಒಂದು ರಾಜ್ಯಶಾಸ್ತ್ರವೇ ಇದೆ. ಮಾಡಲ್ಪಟ್ಟಿದ್ದಾನೆ ಎಂದ ಮೇಲೆ ಮಾಡಿದವರು ಇರಲೇಬೇಕಲ್ಲ? ಮಲೇಷ್ಯಾದಲ್ಲಿ ಅದು ಬರಿಯ ವ್ಯಾಕರಣವಾಗಿ ಉಳಿದಿಲ್ಲ. ದೇಶದ ಅರಸನಾದ ಯಾಂಗ್ ದಿ-ಪೆರ್ತುಆನ್ ಆಗೊಂಗ್‌ನನ್ನು 1957ರಿಂದ ಒಂಬತ್ತು ರಾಜ್ಯಗಳ ಅರಸರು ತಮ್ಮೊಳಗಿಂದಲೇ ಐದು ವರ್ಷಕ್ಕೊಮ್ಮೆ ಆರಿಸುತ್ತಾರೆ. 1993ರಲ್ಲಿ ಸಂವಿಧಾನವನ್ನು ತಿದ್ದಿ, ಅರಸರ ಮೇಲೂ ವಿಶೇಷ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಬಹುದು ಎಂದು ಮಾಡಲಾಯಿತು. ಬಿರುದು ಉಳಿಯಿತು. ಅದು ಕೊಡುತ್ತಿದ್ದ ರಕ್ಷಾಕವಚ ಹೋಯಿತು.

ಮಲಾಕಾದ ಅರಸರ ಹಳೆಯ ಇತಿಹಾಸ ಗ್ರಂಥ ‘ಸೆಜಾರಾ ಮೆಲಾಯು’ವಿನಲ್ಲಿ ಒಂದು ಒಪ್ಪಂದದ ಕತೆಯಿದೆ. ಮೂಲ ಅರಸನಿಗೂ ಪ್ರಜೆಗಳ ಮುಖಂಡನಿಗೂ ನಡುವೆ ಮಾತಾಯಿತಂತೆ. ಪ್ರಜೆಗಳು ಅರಸನಿಗೆ ದ್ರೋಹ ಬಗೆಯಬಾರದು. ಅರಸ ಪ್ರಜೆಗಳನ್ನು, ಅವರ ತಪ್ಪು ಎಷ್ಟೇ ದೊಡ್ಡದಿರಲಿ, ಹೀನಾಯ ಮಾತಿನಿಂದ ಅವಮಾನಿಸಬಾರದು. ಇಲ್ಲಿ ಗಮನಿಸಬೇಕಾದದ್ದು, ಅರಸನ ಕಡೆಯಿಂದ ಕೇಳಿದ್ದು ಭೂಮಿಯನ್ನಲ್ಲ, ತೆರಿಗೆಯ ವಿನಾಯಿತಿಯನ್ನೂ ಅಲ್ಲ. ನಮ್ಮ ಮಾನವನ್ನು ಕಾಯಬೇಕು ಎಂದಷ್ಟೇ. ನಾವು ನಿನ್ನ ಹೆಸರನ್ನು ಎತ್ತಿ ಹಿಡಿಯುತ್ತೇವೆ, ನೀನು ನಮ್ಮ ಹೆಸರನ್ನು ಬೀಳಿಸಬೇಡ ಎಂಬ ಲೆಕ್ಕ. ಆ ಲೆಕ್ಕ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೂ ಆ ನಾಡಿನಲ್ಲಿ ಸಾಕ್ಷಿಯಿದೆ. 1699ರಲ್ಲಿ ಜೊಹೊರಿನ ಸುಲ್ತಾನ ಮಹಮೂದನನ್ನು ಪಲ್ಲಕ್ಕಿಯ ಮೇಲೆಯೇ ಅವನ ಸರದಾರನೊಬ್ಬ ಕೊಂದ. ಅರಮನೆಯ ತೋಟದ ಹಲಸಿನ ತೊಳೆ ತಿಂದಳೆಂದು ಆ ಸರದಾರನ ಬಸುರಿ ಹೆಂಡತಿಯನ್ನು ಸುಲ್ತಾನ ಕೊಲ್ಲಿಸಿದ್ದನೆಂದು ಜನ ಹೇಳುತ್ತ ಬಂದಿದ್ದಾರೆ. ಇತಿಹಾಸದಲ್ಲಿ ಅವನಿಗೆ ಉಳಿದ ಹೆಸರು ‘ಹೆಗಲ ಮೇಲಿರುವಾಗ ಸತ್ತ ಮರ್ಹೂಮ್’. ಬದುಕಿದ್ದಾಗ ಹೊತ್ತುಕೊಂಡಿದ್ದ ಬಿರುದುಗಳೆಲ್ಲ ಎಲ್ಲಿಯೋ ಹೋದವು.

ನಮ್ಮ ನಾಡಿನಲ್ಲೂ ಬಿರುದನ್ನು ವಚನವೆಂದು, ಅಂದರೆ ಕೊಟ್ಟ ಮಾತೆಂದು, ತಿಳಿದ ಪದ್ಧತಿ ಇತ್ತು. ವಿಜಯನಗರದ ಅರಸರಿಗೆ ‘ಭಾಷೆಗೆ ತಪ್ಪುವ ರಾಯರ ಗಂಡ’ ಎಂಬ ಬಿರುದಿತ್ತು. ಕೊಟ್ಟ ಮಾತಿಗೆ ತಪ್ಪುವ ರಾಜರಿಗೆ ನಾನು ಗಂಡ ಎಂದು ಕಲ್ಲಿನಲ್ಲಿ ಕೊರೆಸಿಕೊಂಡವನು ತಾನೇ ಮಾತು ತಪ್ಪುವಂತಿಲ್ಲ. 1368ರಲ್ಲಿ ಜೈನರು ತಮಗಾಗುತ್ತಿದ್ದ ಅನ್ಯಾಯದ ಬಗ್ಗೆ ಬುಕ್ಕರಾಯನಿಗೆ ದೂರು ಕೊಟ್ಟಾಗ, ಆತ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಈ ಎರಡು ದರ್ಶನಗಳಿಗೆ ಭೇದವಿಲ್ಲವೆಂದು ತೀರ್ಪು ಕೊಟ್ಟದ್ದನ್ನು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಬಲವಿದ್ದವರ ಕಡೆ ವಾಲದೆ ದುರ್ಬಲರ ದೂರನ್ನು ಕೇಳಿದ ಆ ಗಳಿಗೆಯಲ್ಲಿ ಬಿರುದು ಪರೀಕ್ಷೆಗೆ ನಿಂತು ಗೆದ್ದಿತು.

ಇನ್ನು ನಮ್ಮ ಮನೆ ಬಾಗಿಲಿಗೇ ಬರೋಣ. ಹೆಬ್ಬಾಳದಿಂದ ಶ್ರೀರಂಗಪಟ್ಟಣ ಬಹಳ ದೂರವೇನಿಲ್ಲ. 1610ರಲ್ಲಿ ರಾಜ ಒಡೆಯರು ಅದನ್ನು ಗೆದ್ದರು. ‘ಒಡೆಯ’ ಎಂಬುದು ಎಂಥ ಶಬ್ದ! ಶರಣರು ಅದನ್ನು ದೇವರಿಗೆ ಮೀಸಲಿಟ್ಟರು, ಊರಿನಲ್ಲಿ ಅದೇ ಜಮೀನಿನ ಯಜಮಾನನಿಗೂ ಸಂದಿತು, ಮೈಸೂರಿನಲ್ಲಿ ಅರಸು ಮನೆತನದ ಹೆಸರಾಯಿತು. 1761ರ ಹೊತ್ತಿಗೆ ಆ ಒಡೆತನ ಇಬ್ಭಾಗವಾಯಿತು. ಹೆಸರು ಅರಮನೆಯಲ್ಲಿ ಉಳಿಯಿತು, ಅಧಿಕಾರ ಹೈದರಾಲಿಯ ಕೈಗೆ ಬಂತು. ಅದೇ ವರ್ಷ ಬಸಾಲತ್ ಜಂಗ್ ಇನ್ನೂ ಕೈವಶವಾಗದಿದ್ದ ಸಿರಾ ಸೀಮೆಯ ನವಾಬಗಿರಿಯನ್ನು ಹೈದರನಿಗೆ ದಯಪಾಲಿಸಿದ. ಇಲ್ಲದ ಊರಿನ ಬಿರುದು ಮೊದಲು ಬಂತು, ಊರನ್ನು ಹೈದರ ಆಮೇಲೆ ಗೆದ್ದುಕೊಳ್ಳಬೇಕಾಯಿತು. ಆದರೂ ಹೈದರ ತಾನು ರಾಜನೆಂದು ಘೋಷಿಸಿಕೊಳ್ಳಲಿಲ್ಲ. ಅವನ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಹಿಂದಿನಂತೆಯೇ ಶಿವಪಾರ್ವತಿಯರಿದ್ದರು. ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲ ಅಕ್ಷರ ಒಂದೇ ಒಂದು. 1782ರಲ್ಲಿ ಸಾಯುವವರೆಗೂ ಅವನು ಬಿರುದಿಲ್ಲದ ಅರಸನಾಗಿದ್ದ, ಅರಮನೆಯಲ್ಲಿದ್ದವರು ಅಧಿಕಾರವಿಲ್ಲದ ಒಡೆಯರಾಗಿದ್ದರು.

ಮಗನಿಗೆ ಅಷ್ಟು ಸಾಕಾಗಲಿಲ್ಲ. ಟಿಪ್ಪುವಿನ ಹೆಸರಿನಲ್ಲಿದ್ದ ‘ಸುಲ್ತಾನ್’ ಹುಟ್ಟಿನಿಂದ ಬಂದ ಹೆಸರಿನ ಭಾಗವೇ ಹೊರತು ಪದವಿಯಲ್ಲ. ‘ಟಿಪ್ಪು’ ಎಂಬುದು ಆರ್ಕಾಟಿನ ಸೂಫಿ ಟಿಪ್ಪು ಮಸ್ತಾನ್ ಔಲಿಯಾರ ನೆನಪು. ಮೊಗಲ್ ಬಾದಶಹನ ಅಪ್ಪಣೆಯಿಲ್ಲದೆ ಆಳುವ ಇವನನ್ನು ನಿಜಾಮನೂ ಮರಾಠರೂ ನಿನ್ನೆ ಮೊನ್ನೆಯವನೆಂದೇ ಕಂಡರು. ಟಿಪ್ಪು 1780ರ ದಶಕದ ನಡುವೆ ‘ಪಾದಶಾಹ್’ ಎಂಬ ಬಿರುದನ್ನು ತಾನೇ ಧರಿಸಿದ. ಅದಕ್ಕೆ ತುರ್ಕಿಯ ಉಸ್ಮಾನಿ ಖಲೀಫನ ಮನ್ನಣೆಯನ್ನು ತರಲು ರಾಯಭಾರಿಗಳನ್ನೂ ಕಳಿಸಿದ. 1786ರ ಮಾರ್ಚಿನಲ್ಲಿ ಉತ್ತರ ಕನ್ನಡದ ತದಡಿಯಿಂದ ಅವರ ಹಡಗುಗಳು ಹೊರಟವು. ವ್ಯಾಪಾರದ ಕೋಠಿಗಳು, ಇಂಗ್ಲಿಷರ ವಿರುದ್ಧ ನೆರವು, ಕುಶಲಕರ್ಮಿಗಳು, ಹೀಗೆ ಕೇಳಲು ಬೇರೆ ಸಂಗತಿಗಳೂ ಇದ್ದವು. ಆದರೆ ಸೈನ್ಯದ ನೆರವು ಸಿಗಲಿಲ್ಲ. ಕೈಗೆ ಹತ್ತಿದ್ದು ಮುಖ್ಯವಾಗಿ ಮನ್ನಣೆಯ ಪತ್ರ, ಗೌರವದ ಉಡುಗೊರೆ. ಹೋದ ನೂರಾರು ಜನರಲ್ಲಿ ಮರಳಿದವರು ಕೆಲವರೇ. ಉಳಿದವರನ್ನು ರೋಗವೂ ಸಮುದ್ರವೂ ದಾರಿಯ ಕಷ್ಟವೂ ನುಂಗಿದವು. ಆ ಪತ್ರ ನಾಲ್ಕನೇ ಮೈಸೂರು ಯುದ್ಧದಲ್ಲಿ ಒಂದು ಗುಂಡನ್ನೂ ತಡೆಯಲಿಲ್ಲ. ತದಡಿಯಿಂದ ಹಡಗು ಹತ್ತಿದ ಆ ಸಾಮಾನ್ಯ ಸಿಪಾಯಿಗಳ, ಅಡಿಗೆಯವರ, ಜಾಡಮಾಲಿಗಳ ಹೆಸರು ಯಾವ ಫಲಕದಲ್ಲೂ ಇಲ್ಲ.

ಟಿಪ್ಪುವಿನ ಇನ್ನೊಂದು ಮುಖವೂ ಅವನ ನಾಣ್ಯದಲ್ಲಿದೆ. ‘ಹೈದರಿ’ ಎಂಬ ಎರಡು ರೂಪಾಯಿಯ ಬೆಳ್ಳಿ ನಾಣ್ಯದ ಮೇಲೆ ಅವನ ಹೆಸರಿಲ್ಲ. ಅಲ್ಲಿರುವ ಅರಬಿ ಮಾತಿನ ಅರ್ಥ ‘ಅವನೇ ಸುಲ್ತಾನ, ಏಕೈಕನು, ನ್ಯಾಯವಂತನು’ ಎಂದು. ಅವನು ಎಂದರೆ ಯಾರು? ಓದಿದವರು ಅದನ್ನು ದೇವರಿಗೂ ಅನ್ವಯಿಸಬಹುದು, ಅರಸನಿಗೂ ಅನ್ವಯಿಸಬಹುದು. ದೂರದ ಸುಮಾತ್ರದ ಪಸಾಯ್, ಅಚೆ ರಾಜ್ಯಗಳ ಪುಟ್ಟ ಚಿನ್ನದ ನಾಣ್ಯಗಳ ಮೇಲೂ ‘ನ್ಯಾಯವಂತ ಸುಲ್ತಾನ’ ಎಂಬ ಇದೇ ಮಾತಿದೆ. ಈ ನಾಣ್ಯಗಳನ್ನು ಸಂತೆಯಲ್ಲಿ ಕೈಯಿಂದ ಕೈಗೆ ದಾಟಿಸಿದ ಸೊಪ್ಪಿನವಳು, ಕಮ್ಮಾರ, ಬೆಸ್ತ, ಇವರೆಲ್ಲ ಆ ಮಾತಿಗೆ ಸಾಲಿಗರು ಎಂದು ನಮಗೆ ತೋರುತ್ತದೆ. ನ್ಯಾಯವಂತನೆಂದು ಅಚ್ಚು ಹಾಕಿಸಿದವನು ಆ ಸಾಲವನ್ನು ತೀರಿಸಬೇಕು.

ತೀರಿಸಿದನೇ? 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಅಲ್ಲಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು, ಅವರನ್ನು ‘ಜಗದ್ಗುರು’ ಎಂದು ಸಂಬೋಧಿಸಿ, ಮಠದ ಪುನಃಪ್ರತಿಷ್ಠೆಗೆ ಹಣ, ಸಾಮಗ್ರಿ ಕಳಿಸಿದ. ಪಾದಶಾಹ ಎಂದುಕೊಂಡವನು ಇನ್ನೊಬ್ಬರ ಬಿರುದಿಗೆ ತಲೆಬಾಗಿದ. ಅದೇ ಟಿಪ್ಪುವಿನ ಕಾಲದಲ್ಲಿ ಕೊಡವರೂ ಮಂಗಳೂರು ಕಡೆಯ ಕ್ರೈಸ್ತರೂ ಸೆರೆಯಾಗಿ ಶ್ರೀರಂಗಪಟ್ಟಣದ ದಾರಿ ಹಿಡಿದರು. ಅವರ ಮನೆತನಗಳಲ್ಲಿ ಆ ನೆನಪು ಇಂದಿಗೂ ಹಸಿಯಾಗಿದೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಇತಿಹಾಸವಾಗುವುದಿಲ್ಲ, ಅದೂ ಒಂದು ಬಗೆಯ ಫ್ಲೆಕ್ಸ್ ಆಗುತ್ತದೆ. ಇಂದು ಅವನ ಹೆಸರಿನ ಮೇಲೆ ನಡೆಯುವ ಜಗಳದಲ್ಲಿ ನಾವೆಲ್ಲ ಬಿರುದುಗಳನ್ನೇ ಎಸೆದಾಡುತ್ತಿದ್ದೇವೆ. ಒಬ್ಬರಿಗೆ ಅವನು ಹುಲಿ, ಇನ್ನೊಬ್ಬರಿಗೆ ಮತಾಂಧ. 2015ರಲ್ಲಿ ಸರ್ಕಾರ ಜಯಂತಿ ಆರಂಭಿಸಿತು, 2019ರಲ್ಲಿ ಮತ್ತೊಂದು ಸರ್ಕಾರ ನಿಲ್ಲಿಸಿತು. 2022ರಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. ಆ ರೈಲಿನ ಶೌಚಾಲಯ ತೊಳೆಯುವವನ ಹೆಸರನ್ನು ಮೊದಲೂ ಯಾರೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ನಮ್ಮ ಧರ್ಮದ ಮೂಲದಲ್ಲಿ ಈ ವಿಷಯಕ್ಕೆ ಸ್ಪಷ್ಟ ಎಚ್ಚರಿಕೆಯಿದೆ. ಕುರ್‌ಆನಿನಲ್ಲಿ ‘ಸುಲ್ತಾನ್’ ಎಂಬ ಶಬ್ದ ಹಲವು ಕಡೆ ಬಂದರೂ ಅದು ಅರಸನ ಬಿರುದಲ್ಲ. ಪ್ರಮಾಣ, ಆಧಾರ, ಅಧಿಕಾರ ಎಂಬ ಅರ್ಥದಲ್ಲಿ ಬರುತ್ತದೆ. ನಿನ್ನ ಮಾತಿಗೆ ಆಧಾರವೇನು ಎಂದು ಕೇಳುವ ಶಬ್ದವದು. ಮುಂದೆ ಅದು ಯಾವ ಆಧಾರವನ್ನೂ ಕೊಡಬೇಕಿಲ್ಲದ ಮನುಷ್ಯನ ಹೆಸರಾದದ್ದು ಚರಿತ್ರೆಯ ವ್ಯಂಗ್ಯ. ರಾಜಾಧಿರಾಜ ಎಂದು ಕರೆಸಿಕೊಳ್ಳುವವನ ಹೆಸರು ದೇವರ ಬಳಿ ಅತಿ ಹೀನವೆಂದು ಪ್ರವಾದಿಯವರು ಎಚ್ಚರಿಸಿದ್ದನ್ನು ಹದೀಸ್ ಬಲ್ಲವರೆಲ್ಲ ಬಲ್ಲರು. ಮೊದಲ ಖಲೀಫ ಅಬೂಬಕರ್‌ರನ್ನು ಯಾರೋ ‘ಅಲ್ಲಾಹನ ಪ್ರತಿನಿಧಿ’ ಎಂದು ಕರೆದಾಗ ಅವರು ಒಪ್ಪಲಿಲ್ಲ, ತಾನು ಪ್ರವಾದಿಯವರ ನಂತರ ಬಂದವನು ಮಾತ್ರ ಎಂದರು. ಮತ್ತೆ ಆ ‘ಮರ್ಹೂಮ್’ ನೋಡಿ. ಮಲಯದಲ್ಲಿ ಅದು ತೀರಿಹೋದ ಸುಲ್ತಾನರ ರಾಜಬಿರುದು. ನಮ್ಮ ಮೈಸೂರಿನ ಮದುವೆ ಕಾರ್ಡುಗಳಲ್ಲಿ ಬೀಡಿ ಕಟ್ಟಿದವನಿಗೂ ಅದೇ, ಬಂಗಲೆ ಕಟ್ಟಿದವನಿಗೂ ಅದೇ. ದೇವರ ಕರುಣೆಗೆ ಒಪ್ಪಿಸಲ್ಪಟ್ಟವನು ಎಂದರ್ಥ. ಇದೂ ಕರ್ಮಣಿ ಪ್ರಯೋಗವೇ.

ಹಾಗಾದರೆ ಬಿರುದುಗಳನ್ನೆಲ್ಲ ಅಳಿಸಿಬಿಡೋಣವೇ? ನಮ್ಮ ಸಂವಿಧಾನ ಆ ದಾರಿಯಲ್ಲಿ ಬಹುದೂರ ನಡೆದಿದೆ. 18ನೇ ವಿಧಿಯ ಪ್ರಕಾರ ಸೈನಿಕ ಮತ್ತು ವಿದ್ಯಾ ಸಂಬಂಧಿ ಗೌರವಗಳನ್ನು ಬಿಟ್ಟರೆ ರಾಜ್ಯವು ಯಾರಿಗೂ ಬಿರುದು ಕೊಡುವಂತಿಲ್ಲ. ಪದ್ಮ ಪ್ರಶಸ್ತಿಗಳನ್ನೂ ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಮೈಸೂರಿನ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರು 1950ರಲ್ಲಿ ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. 1971ರ 26ನೇ ತಿದ್ದುಪಡಿ ರಾಜಧನವನ್ನೂ ರಾಜಪದವಿಯ ಮನ್ನಣೆಯನ್ನೂ ತೆಗೆದುಹಾಕಿತು. ಅದೇ ಮನೆತನದ ಯದುವೀರರು 2024ರಲ್ಲಿ ಮತ ಕೇಳಿ ಸಂಸದರಾದರು. ‘ಸಂಸದ’ ಎಂಬುದು ಜನರು ಐದು ವರ್ಷಕ್ಕೆ ಕೊಟ್ಟ ಹೆಸರು. ಅದು ನಮ್ಮ ಯಾಂಗ್ ದಿ-ಪೆರ್ತುಆನ್.

ಆದರೆ ಕಾನೂನು ಅಳಿಸಿದ್ದನ್ನು ನಾವು ಫ್ಲೆಕ್ಸ್ ಅಂಗಡಿಯಲ್ಲಿ ಮತ್ತೆ ಬರೆಸುತ್ತೇವೆ. ಇದಕ್ಕೆ ಬರಿಯ ಆಡಂಬರದ ಚಟ ಕಾರಣವಲ್ಲ. ಮನುಷ್ಯನಿಗೆ ಗೌರವದ ಹಸಿವಿದೆ, ಅದು ಕೆಟ್ಟ ಹಸಿವೂ ಅಲ್ಲ. ‘ಮೇಷ್ಟ್ರೇ’ ಎಂದು ಕರೆದಾಗ ಬಡ ಶಿಕ್ಷಕನ ಬೆನ್ನು ನೆಟ್ಟಗಾಗುತ್ತದೆ, ಅವನು ಪಾಠವನ್ನೂ ಚೆನ್ನಾಗಿ ಮಾಡುತ್ತಾನೆ. ಮಾಸ್ತಿಯವರಿಗೆ ಅರಮನೆ ಒಂದು ಬಿರುದು ಕೊಟ್ಟಿತ್ತು. ಜನರಿಗೆ ನೆನಪಿರುವುದು ‘ಮಾಸ್ತಿ ಕನ್ನಡದ ಆಸ್ತಿ’ ಎಂಬ ತಮ್ಮದೇ ಮಾತು. ಕೊಟ್ಟವರು ಯಾರು ಎಂಬುದರ ಮೇಲೆ ಬಿರುದಿನ ಆಯುಷ್ಯ ನಿಂತಿದೆ.

ಬಿರುದು ಬೀಳುವುದೂ ಉಂಟು. ‘ಸಾಹೇಬ್’ ಎಂದರೆ ಅರಬಿಯಲ್ಲಿ ಸಂಗಾತಿ, ಒಡೆಯ. ಕಚೇರಿಯಲ್ಲಿ ಅದು ಸಾಹೇಬರಾಗಿ ಮೇಲೆ ಕೂತಿತು. ಅದೇ ಶಬ್ದ ಬೀದಿಗೆ ಬಂದು ‘ಸಾಬಿ’ಯಾಗಿ ಒಂದು ಸಮುದಾಯದ ಮೇಲೆ ಎಸೆಯುವ ಕಲ್ಲಾಯಿತು. ಹೆಬ್ಬಾಳದ ಕಾರ್ಖಾನೆಯ ಗೇಟಿನಲ್ಲಿ ಹಾಗೆ ಕರೆಸಿಕೊಂಡ ನೋವು ನಮ್ಮಲ್ಲಿ ಅನೇಕರಿಗೆ ಗೊತ್ತು. ಆ ನೋವು ಗೊತ್ತಿದ್ದೂ ಬೀದಿ ಗುಡಿಸುವವಳನ್ನು ಅರ್ಧ ಹೆಸರಿನಿಂದ, ಏಕವಚನದಿಂದ ಕೂಗಲು ನಮಗೆ ಅಡ್ಡಿಯಾಗಲಿಲ್ಲ. ಅವಮಾನ ಉಂಡವರು ಅವಮಾನಿಸಲಾರರು ಎಂಬ ನಂಬಿಕೆ ಎಷ್ಟು ಸುಳ್ಳು ಎಂಬುದಕ್ಕೆ ಆ ಕಾರ್ಡೇ ಸಾಕ್ಷಿ.

ನಮಗೆ ತೋರುವುದು ಇಷ್ಟು. ಮೇಲಿನವರ ಬಿರುದುಗಳನ್ನು ಕತ್ತರಿಸುತ್ತ ಹೋಗುವುದರಿಂದಲೇ ಸಮಾನತೆ ಬರುವುದಿಲ್ಲ. ಅದು ಸುಲಭ ಕೆಲಸ, ಮಾಡಿದವರಿಗೆ ಖುಷಿಯೂ ಹೌದು. ಮಲಾಕಾದ ಆ ಹಳೆಯ ಒಪ್ಪಂದ ಹೇಳಿದ್ದು ಬೇರೆ. ಮೇಲಿನವನ ಹೆಸರನ್ನು ಕೆಳಗಿನವರು ಎತ್ತಿ ಹಿಡಿದಿದ್ದಾರಾದರೆ ಅದಕ್ಕೆ ಬದಲಾಗಿ ಕೆಳಗಿನವರ ಹೆಸರು ಬೀಳದಂತೆ ಕಾಯುವುದು ಅವನ ಕೆಲಸ. ಬಿರುದಿಗೆ ಬೆಲೆ ಕಟ್ಟುವುದಾದರೆ ಇದೊಂದೇ ತಕ್ಕಡಿ. ಅರಸನಿಗೂ ಇದೇ, ಅಧ್ಯಕ್ಷನಿಗೂ ಇದೇ, ಕಾರ್ಡು ತಿದ್ದುವ ನಮ್ಮಂಥವರಿಗೂ ಇದೇ.

ಕಾರ್ಡನ್ನು ಮತ್ತೆ ಅಚ್ಚು ಹಾಕಿಸುವುದೆಂದು ತೀರ್ಮಾನವಾಯಿತು. ‘ಶ್ರೀಮತಿ’ ಸೇರಿಸುವುದೇನು ದೊಡ್ಡ ಮಾತಲ್ಲ ಎಂದುಕೊಂಡು ಕುಳಿತಾಗ ಇನ್ನೊಂದು ಸಂಗತಿ ತಿಳಿಯಿತು. ಅವರ ಪೂರ್ಣ ಹೆಸರು ಸಮಿತಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಹನ್ನೊಂದು ವರ್ಷಗಳಿಂದ ಆಕೆ ನಮ್ಮ ಬಾಗಿಲ ಮುಂದೆ ಗುಡಿಸುತ್ತಿದ್ದರು. ಮರುದಿನ ಬೆಳಗ್ಗೆ ಆರು ಗಂಟೆಗೆ ನಾವು ಗೇಟಿನ ಬಳಿ ಹೋಗಿ ನಿಂತು, ನಿಮ್ಮ ಹೆಸರೇನಮ್ಮಾ ಎಂದು ಕೇಳಿದೆವು. ಆಕೆ ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗು ಸರಿ ಮಾಡಿಕೊಂಡು, ತಂದೆಯ ಹೆಸರನ್ನೂ ಊರಿನ ಹೆಸರನ್ನೂ ಸೇರಿಸಿ ನಿಧಾನವಾಗಿ ಹೇಳಿದರು. ನಾವು ಬರೆದುಕೊಂಡೆವು.